ಮ್ಯಾಂಜನೀಟಾಕ್ಕೆ ನೀರು ಹಾಕಬೇಡಿ, ಮಾವ

ಮೇ ತಿಂಗಳಲ್ಲಿ ಉಡುಪಿಯಿಂದ ಬಂದ ನಮ್ಮ ಮಾವನವರಿಗೆ ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ವಾಲ್ನಟ್ ಕ್ರೀಕ್‌ನ ನಮ್ಮ ಮನೆಯಲ್ಲಿ ಸರಿಕಾಣದೇ ಇದ್ದದ್ದು ಒಂದೇ: ಹಿತ್ತಲಿನ ಇಳಿಜಾರಿನಲ್ಲಿದ್ದ ಮ್ಯಾಂಜನೀಟಾ. ಮನೆ ಕಟ್ಟುವುದಕ್ಕೂ ಮುಂಚಿನಿಂದ ಆ ಗುಡ್ಡದಲ್ಲಿದ್ದ ಕುರುಚಲು ಗಿಡ ಅದು. ಕೆಂಪು ಕಾಂಡ, ಎಣ್ಣೆ ಸವರಿದಷ್ಟು ನುಣುಪು. ಚಳಿಗಾಲದಲ್ಲಿ ಪುಟ್ಟ ಗಂಟೆಗಳಂಥ ಹೂ ಬಿಟ್ಟರೆ ಹಮ್ಮಿಂಗ್‌ಬರ್ಡುಗಳು ಅದರ ಮಕರಂದಕ್ಕಾಗಿ ಕಿತ್ತಾಡುತ್ತವೆ. ಮಾವನವರ ಕಣ್ಣಿಗೆ ಬಿದ್ದದ್ದು ಮಾತ್ರ ಅದರ ಒಂದು ಒಣ ಕೊಂಬೆ.

"ಎಂತ ಮಾರಾಯ್ತಿ, ಗಿಡ ಸಾಯ್ತಾ ಉಂಟಲ್ಲ! ನೀರು ಹಾಕುವವರಿಲ್ವಾ?"

"ಅದು ಇರೋದೇ ಹಾಗೆ ಮಾವ. ಒಂದು ಕೊಂಬೆ ಬಿಟ್ಟುಕೊಟ್ಟು ಉಳಿದದ್ದನ್ನ ಉಳಿಸಿಕೊಳ್ಳುತ್ತೆ. ಇಲ್ಲಿ ಮಳೆ ಬರೋದು ಚಳಿಗಾಲದಲ್ಲಿ. ಬೇಸಿಗೆಯಲ್ಲಿ ನೀರು ಹಾಕಿದರೆ ಬೇರು ಕೊಳೆಯುತ್ತೆ."

"ನೀರು ಹಾಕಿದರೆ ಸಾಯುವ ಗಿಡವಾ!" ಎಂದು ನಕ್ಕುಬಿಟ್ಟರು.

ಸಂಜೆ ನಾನು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಿಂದ ಟ್ರಾಫಿಕ್ಕಿನಲ್ಲಿ ಬಸವಳಿದು ಬಂದರೆ ಗಿಡದ ಬುಡ ಒದ್ದೆ. ಪೈಪು ತೆಗೆದು ಗ್ಯಾರೇಜಿನಲ್ಲಿಟ್ಟೆ. ಅಕ್ಕಿ ತೊಳೆದ ನೀರು ಬಕೆಟಿನಲ್ಲಿ ಗಿಡಕ್ಕೆ ಹೋಯಿತು. ಬಕೆಟ್ ಅಡಗಿಸಿದೆ. ಪಾತ್ರೆಯಲ್ಲಿ ಹೋಯಿತು. ಗಂಡನಿಗೆ ಹೇಳಿದರೆ, "ವಯಸ್ಸಾದವರು, ಹೋಗ್ಲಿ ಬಿಡು" ಎಂದರು, ಲ್ಯಾಪ್‌ಟಾಪಿನಿಂದ ತಲೆಯೆತ್ತದೆ. ಮಗಳು ತನ್ನ ಪಾಲಿನ ಪ್ರಯತ್ನ ಮಾಡಿದಳು: "ಅಜ್ಜ, ಇಟ್ಸ್ ಎ ಡ್ರಾಟ್ ಪ್ಲಾಂಟ್!"

"ಡ್ರಾಟ್ ಅಂದರೆ ಬರ ಅಲ್ವಾ? ಬರ ಬಂದಾಗ ನೀರೇ ಅಲ್ವಾ ಕೊಡಬೇಕಾದ್ದು?"

ಅವಳು ನನ್ನ ಮುಖ ನೋಡಿದಳು. ನನ್ನ ಬಳಿ ಉತ್ತರವಿತ್ತು, ಕೇಳುವವರಿರಲಿಲ್ಲ.

ಆಗಸ್ಟಿನಲ್ಲಿ, ಬಿಸಿಲಿನಿಂದ ತಪ್ಪಿಸಿಕೊಳ್ಳಲು ನೆಟ್ಟಗೆ ನಿಲ್ಲುತ್ತಿದ್ದ ಎಲೆಗಳು ಜೋತುಬಿದ್ದವು. ಆಮೇಲೆ ಇಡೀ ಗಿಡ ಕಂದಾಯಿತು.

"ನೋಡು, ನೀರು ಸಾಕಾಗಲಿಲ್ಲ" ಎಂದರು ಮಾವ.

ಮದುವೆಯಾದಾಗಿನಿಂದ ಮೊದಲ ಸಲ ಅವರೆದುರು ದನಿ ಏರಿಸಿದೆ. "ನೀರು ಹೆಚ್ಚಾಗೇ ಸತ್ತಿದ್ದು ಮಾವ! ಎಷ್ಟು ಸಲ ಹೇಳಲಿ?" ಅವರು ಒಳಗೆ ಹೋದರು. ಆ ವಾರವಿಡೀ ಊಟಕ್ಕೆ ಎಲ್ಲರಿಗಿಂತ ಮುಂಚೆ ಕೂತು, ಎಲ್ಲರಿಗಿಂತ ಮುಂಚೆ ಎದ್ದರು.

ಶನಿವಾರ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹತ್ತಿರದ ಡಯಾಬ್ಲೋ ಬೆಟ್ಟಕ್ಕೆ ಹೋದೆ. ಕಲ್ಲುಗೊರಕಲಿನ ಇಳಿಜಾರು, ಎಲ್ಲಿ ನೋಡಿದರೂ ಸೊಂಟದೆತ್ತರದ ಮ್ಯಾಂಜನೀಟಾ, ಕಾಲಿಟ್ಟರೆ ಏಳುವ ಧೂಳು. ಮಾವ ಒಂದು ಕಾಂಡದ ಮೇಲೆ ಅಂಗೈ ಇಟ್ಟರು. "ಇಷ್ಟು ಬಿಸಿಲಲ್ಲೂ ತಣ್ಣಗುಂಟಲ್ಲ" ಎಂದರು. ಪಕ್ಕದ ಗಿಡದ ಬುಡವನ್ನು ಕಾಲಿನಿಂದ ಕೆದಕಿ ಕೇಳಿದರು: "ಇವಕ್ಕೆಲ್ಲ ಯಾರು ನೀರು ಹಾಕುವುದು?"

"ಯಾರೂ ಇಲ್ಲ ಮಾವ. ಇವುಗಳ ಬೀಜ ವರ್ಷಗಟ್ಟಲೆ ಮಣ್ಣಿನಲ್ಲಿ ಕಾಯುತ್ತೆ. ಕಾಡಿಗೆ ಬೆಂಕಿ ಬಿದ್ದ ಮೇಲೆ ಮೊಳೆಯುತ್ತೆ."

ಅವರು ತುಂಬಾ ಹೊತ್ತು ಆ ಇಳಿಜಾರನ್ನೇ ನೋಡಿದರು. ಕೊನೆಗೂ ಅರ್ಥವಾಯಿತು ಎಂದು ನನ್ನ ಎದೆ ಹಗುರಾಯಿತು. ಕಾರು ಫ್ರೀವೇಗೆ ಬಂದ ಮೇಲೆ ಬಾಯಿಬಿಟ್ಟರು: "ಇವು ಬೆಟ್ಟದ ಜಾತಿ. ನಮ್ಮದು ಮನೆಯಲ್ಲಿ ಬೆಳೆದದ್ದು, ಅಭ್ಯಾಸ ಬೇರೆ."

ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ನವೆಂಬರಿನಲ್ಲಿ ಮೊದಲ ಮಳೆ ಬಿತ್ತು. ಮಾವ ಊರಿಗೆ ಹೊರಡುವ ಮುಂಚಿನ ವಾರ ಸತ್ತ ಗಿಡ ಕಡಿಸಿ, ನರ್ಸರಿಯಿಂದ ಮ್ಯಾಂಜನೀಟಾದ ಎರಡು ಸಸಿ ತಂದೆ. ನಾನು ಕೇಳುವ ಮುಂಚೆಯೇ ಅವರು ಗುದ್ದಲಿ ಹಿಡಿದು ಗುಂಡಿ ತೋಡಿದರು. ನನಗಿಂತ ಚೆನ್ನಾಗಿಯೇ ತೋಡಿದರು.

"ಆ ಗಿಡ ನನ್ನಿಂದ ಹೋಯಿತು ಅಂತ ನಿನಗೆ ಬೇಜಾರುಂಟಾ?" ಎಂದರು ತಲೆಯೆತ್ತದೆ.

"ಇದೆ ಮಾವ."

"ನನಗೂ ಉಂಟು. ಆದರೆ ಒಣಗುವುದನ್ನು ನೋಡಿಕೊಂಡು ಸುಮ್ಮನೆ ಕೂರಲಿಕ್ಕೆ ನನ್ನಿಂದ ಆಗುವುದಿಲ್ಲ ಮಾರಾಯ್ತಿ."

ನೆಟ್ಟ ದಿನ ಈ ಸಸಿಗೂ ನೀರು ಬೇಕೇ ಬೇಕು. ಪೈಪು ಅವರ ಕೈಗೆ ಕೊಟ್ಟೆ. ಗುಂಡಿ ತುಂಬಿತು, ನೀರು ಕಾಲುದಾರಿಗೆ ಹರಿಯತೊಡಗಿತು.

"ಸಾಕು ಮಾವ."

"ಇನ್ನೂ ಸ್ವಲ್ಪ" ಎಂದರು.