ದಿನಚರಿ ಕಾಯುವ ತೆಲ್ಲೂನ್

ನಮ್ಮ ‘ಓರ್ಮಾ’ ತಾರಾನೌಕೆಯಲ್ಲಿ ನಕ್ಷತ್ರಗಳಿಗಿಂತ ದೊಡ್ಡ ಸೋಜಿಗವೆಂದರೆ ದಿನಚರಿ ಕಾಯುವ ತೆಲ್ಲೂನ್! ಮುನ್ನೂರು ಮಂದಿ ತಮ್ಮ ತಮ್ಮ ಕೋಣೆಯಲ್ಲಿ ಕೂತು ಯಂತ್ರಕ್ಕೆ ಹೇಳಿಕೊಳ್ಳುವ ಗುಟ್ಟುಗಳೆಲ್ಲ ಇರುವುದು ಅವನ ಕಪಾಟಿನಲ್ಲಿ. ಯಾರದಾದರೂ ಬಾಗಿಲ ಹಿಂದೆ ಪಿಸುಮಾತು ಕೇಳಿದರೆ ಸಾಕು, ಕಿವಿಗೆ ಬೆರಳಿಟ್ಟುಕೊಂಡು ಅಪಸ್ವರದಲ್ಲಿ ಹಾಡುತ್ತ ಓಡುತ್ತಾನೆ. ಕ್ಯಾಪ್ಟನ್ನೇ ಬಂದು “ಲೋ, ಒಂದೇ ಒಂದ್ ಸಾಲು ಕೇಳಿಸೋ” ಎಂದರೂ, “ನಿಮ್ದನ್ನೂ ಹಿಂಗೇ ಬೇರೆಯೋರಿಗೆ ಕೇಳಿಸ್ಲಾ, ಕ್ಯಾಪ್ಟನಮ್ಮಾ?” ಎನ್ನುತ್ತಾನೆ; ಆಕೆ ತೆಪ್ಪಗೆ ವಾಪಸ್ಸು! ಇಂಥವನು ಒಮ್ಮೆ ಮಾತ್ರ ಬೀಗ ತೆಗೆದ. ಇಂಜಿನಿಯರ್ ವೆಸ್ಕಾ ತೀರಿಕೊಂಡ ವಾರವೇ ನೌಕೆಗೆ ಉಸಿರಾಡುವ ಗಾಳಿ ಕೊಡುವ ಯಂತ್ರ ಕೆಟ್ಟಿತು. ಅದರ ಮರ್ಮ ಉಳಿದಿದ್ದು ಅವಳ ದಿನಚರಿಯಲ್ಲಷ್ಟೇ. ಬಾಗಿಲು ಹಾಕಿಕೊಂಡು ಒಬ್ಬನೇ ಹಗಲಿಡೀ ಕೇಳಿ, ಹೊರಬಂದು, “ಮೂರನೇ ಕೊಳವೆ ಮುಚ್ಚಿ, ಐದನೇದು ತೆಗೀರಿ” ಎಂದ. ನಾವೆಲ್ಲ ಬದುಕಿಕೊಂಡೆವು! “ಮತ್ತೇನ್ ಹೇಳಿದ್ಳೋ?” ಎಂದು ಇಡೀ ನೌಕೆ ಮುತ್ತಿಕೊಂಡರೆ, “ಕೊಳವೆ ವಿಷ್ಯ ಅಷ್ಟೇ ಕಣ್ರೋ” ಎಂದುಬಿಟ್ಟ. ಆದರೆ ಚದುರಂಗದಲ್ಲಿ ಯಾರಿಗೂ ಸೋಲದ ತೆಲ್ಲೂನ್, ಅಂದಿನಿಂದ ದಿನಾ ಊಟವಾದ ಮೇಲೆ ಮುದಿ ಅಡುಗೆಯವ ಬರಾಮೊನೆದುರು ಕೂತು ಸೋಲುತ್ತಾನೆ. ಬರಾಮೊ ತೊಡೆ ತಟ್ಟಿಕೊಂಡು ನಗುತ್ತಾನೆ: “ವೆಸ್ಕಾನೂ ಹಿಂಗೇ, ಪಾಪ, ಒಂದ್ ದಿನಾನೂ ನನ್ನ ಗೆಲ್ಲೋಕಾಗ್ಲಿಲ್ಲ!”