ಚಾಚಿಯ ಡಬ್ಬಿ

ಬೈಲಹೊಂಗಲದಿಂದ ಸವದತ್ತಿಗೆ ಮನೆ ಬದಲಿಸುವ ಮೊದಲು ಅಡುಗೆಮನೆಯ ಸಾಮಾನು ತೀರಿಸಲು ಹೊರಟೆ. ವಾರವಿಡೀ ಮಡಿಕೆಕಾಳಿನ ಪಲ್ಯವನ್ನೇ ತಿಂದು ನನ್ನ ಗಂಡ ಮುಖ ಊದಿಸಿಕೊಂಡರು. ಉಳಿದ ಶೇಂಗಾ ಚಟ್ನಿಯನ್ನು ಡಬ್ಬಿಗೆ ಹಾಕಿ ಪಕ್ಕದ ಮನೆಯ ಚಾಚಿಗೆ ಕೊಟ್ಟೆ. ಸಂಜೆ ಅದೇ ಡಬ್ಬಿಯ ತುಂಬ ಶಾವಿಗೆ ಬಂತು. ಮರುದಿನ ಹೆಸರುಕಾಳು ಕೊಟ್ಟೆ, ಅವಲಕ್ಕಿ ಬಂತು. ನನಗೆ ಸಿಟ್ಟೇ ಬಂತು.

"ಮನ್ಯಾಗಿಂದು ತೀರಸಾಕ ಹತ್ತೇನ್ರಿ ಚಾಚಿ. ಡಬ್ಬಿ ಹಂಗ ಕೊಡ್ರಿ."

"ಬರೇ ಡಬ್ಬಿ ಹೆಂಗ ಕೊಡ್ಲವಾ?" ಎಂದರು.

ಹೊರಡುವ ದಿನ ನನ್ನ ಡಬ್ಬಿಗಳೆಲ್ಲ ಗಾಡಿ ಏರಿದ್ದವು. ಇನ್ನು ಬಚಾವಾದೆ ಅಂದುಕೊಂಡೆ. ಚಾಚಿ ತಮ್ಮದೇ ಸ್ಟೀಲ್ ಡಬ್ಬಿಯಲ್ಲಿ ಚುರುಮುರಿ ತುಂಬಿ ತಂದು ನನ್ನ ಮಡಿಲಲ್ಲಿಟ್ಟರು.

"ಈ ಡಬ್ಬಿ ನಂದವಾ. ನೀನ ಬಂದು ಕೊಟ್ಟು ಹೋಗು."

ಚುರುಮುರಿ ಎಂದೋ ತೀರಿತು. ಇವತ್ತು ಆ ಡಬ್ಬಿಗೆ ಉಂಡಿ ಕಟ್ಟುತ್ತಿದ್ದೇನೆ.