ಕಾಣದ ಗಂಟು

ನಮ್ಮದು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಶೆಡ್ಡು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಒಂದು ಕಂಪನಿ ಆಪರೇಷನ್ ಮಾಡಿದಾಗ ಗಾಯ ಹೊಲಿಯುವ ರೇಷ್ಮೆ ದಾರಕ್ಕೆ ಹುರಿ ಹಾಕುವ ಗುತ್ತಿಗೆಯನ್ನು ನಮಗೆ ಕೊಟ್ಟಿತು. ಕೆಲಸ ನಮ್ಮದು, ಪೊಟ್ಟಣದ ಮೇಲೆ ಹೆಸರು ಅವರದು. ಕಂಪನಿಯವನು ಹಾಕಿದ ಷರತ್ತು ಒಂದೇ: ನೂಲಿನಲ್ಲಿ ಗಂಟು ಇರಬಾರದು. ಹುರಿ ಹಾಕುವಾಗ ಎಳೆ ಕಡಿಯದೆ ಇರುತ್ತದೆಯೇ? ಅದನ್ನು ಅವನೂ ಕೇಳಲಿಲ್ಲ, ನನ್ನ ಗಂಡನೂ ಹೇಳಲಿಲ್ಲ.

ಗಂಟು ಹಾಕುವುದರಲ್ಲಿ ನಮ್ಮತ್ತೆಯನ್ನು ಮೀರಿಸುವವರು ಊರಲ್ಲೇ ಇರಲಿಲ್ಲ. ಕಡಿದ ತುದಿಗಳನ್ನು ಎಂಜಲಲ್ಲಿ ನೆನೆಸಿ, ಹೊಸೆದು, ಗಂಟಿಕ್ಕಿ, ಉಳಿದ ಕುಡಿಯನ್ನು ಹಲ್ಲಿನಿಂದ ಕಚ್ಚಿ ಉಗಿಯುತ್ತಿದ್ದರು. ಸೀರೆ ನೇಯುವವರ ಕೈಗೂ ಅದು ಸಿಗುತ್ತಿರಲಿಲ್ಲ. ಕಣ್ಣಿಗೆ ಕಾಣದ ಗಂಟು ಅವರ ಪಾಲಿಗೆ ಗಂಟೇ ಅಲ್ಲ. ಆಸ್ಪತ್ರೆ ದಾರಕ್ಕೂ ಅದನ್ನೇ ಮಾಡಿದರು, ಹಿಂದಿನ ಬೀದಿಯ ಹೆಂಗಸರಿಗೂ ಕಲಿಸಿದರು. ನಾನು ಬೇಡವೆಂದರೆ, 'ನನಗೇ ಹೇಳಿಕೊಡ್ತೀಯೇನೇ?' ಎಂದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಸರಕು ಒಯ್ಯಲು ಬಂದ ಕಂಪನಿಯವನ ಮುಂದೆ ನೂಲಿನ ಒಂದು ಲಡಿ ಬಿಚ್ಚಿ, ಉಗುರಿನಿಂದ ಗೀರಿ ಗಂಟು ತೋರಿಸಿದೆ. ಮನುಷ್ಯರ ಮೈಯೊಳಗೆ ಎಳೆಯುವಾಗ ಇದು ಸಿಕ್ಕಿಕೊಂಡರೆ, ಹೊಲಿಗೆ ಬಿಟ್ಟುಕೊಂಡರೆ ಗತಿಯೇನು ಎಂದು ಕೇಳಿದೆ.

'ಪರೀಕ್ಷೆ ಮಾಡೋದು ನಮ್ಮ ಕೆಲಸ ಕಣಮ್ಮ. ನೀವು ಹುರಿ ಹಾಕಿ ಸಾಕು,' ಎಂದು ಅವನು ನಕ್ಕ. ಇನ್ನೊಂದು ಲಡಿಯನ್ನು ಬೆರಳಲ್ಲಿ ಸವರಿ ಚೆನ್ನಾಗಿದೆ ಎಂದ. ಅದೇ ಅವನ ಪರೀಕ್ಷೆ! ನನಗೆ ಮೈಯೆಲ್ಲ ಉರಿದುಹೋಯಿತು. ಕತ್ತರಿ ತಂದು, ಕಟ್ಟಿಟ್ಟ ಲಡಿಗಳನ್ನೆಲ್ಲ ಅವನೆದುರೇ ಕತ್ತರಿಸಿ ಹಾಕಿದೆ.

ಗುತ್ತಿಗೆ ಹಿಂದಿನ ಬೀದಿಯ ಶೆಡ್ಡಿಗೆ ಹೋಯಿತು. ಗಂಡ ಮಾತು ಬಿಟ್ಟ. ಸೊಸೆ ತಮ್ಮ ಕೈಗೆಲಸದಲ್ಲಿ ಕೊಂಕು ತೆಗೆದಳೆಂದು ಅತ್ತೆ ಊರಿಗೆಲ್ಲ ಸಾರಿದರು. ನಾನು ಬಡಿಸಿದ ತಟ್ಟೆಯನ್ನೂ ಮುಟ್ಟುತ್ತಿರಲಿಲ್ಲ. ನನಗೂ ಅವರ ಮುಖ ಕಂಡರೆ ಆಗುತ್ತಿರಲಿಲ್ಲ.

ಕೆಲವು ವರ್ಷಗಳಾದ ಮೇಲೆ ಅತ್ತೆಗೆ ಹೊಟ್ಟೆ ಆಪರೇಷನ್ ಆಗಬೇಕಾಯಿತು. ಚಿಕ್ಕಬಳ್ಳಾಪುರದ ಆಸ್ಪತ್ರೆಯವರು ಬೇಕಾದ ಸಾಮಾನು ಹೊರಗಿನಿಂದ ತರಲು ಹೇಳಿದರು. ಮೆಡಿಕಲ್ ಅಂಗಡಿಯಿಂದ ನಾನು ತಂದ ಚೀಲದಲ್ಲಿ ಹೊಲಿಗೆ ದಾರದ ಪೊಟ್ಟಣಗಳೂ ಇದ್ದವು. ಮೇಲೆ ಆ ಕಂಪನಿಯದೇ ಗುರುತು. ಅತ್ತೆ ಮಂಚದ ಮೇಲಿಂದಲೇ ಅದನ್ನು ಕಂಡರು. ಅಷ್ಟು ಕಾಲ ನನ್ನನ್ನು ಮಾತಾಡಿಸದವರು ಮೆಲ್ಲಗೆ ಕೇಳಿದರು:

'ಈಗ ಇವ್ರಿಗೆ ಹುರಿ ಹಾಕಿ ಕೊಡೋರು ಯಾರೇ?'

'ಹಿಂದಿನ ಬೀದಿಯವರು. ಗಂಟು ಹಾಕೋದು ನೀವೇ ಕಲಿಸಿದ್ರಲ್ಲ, ಅವರೇ,' ಎಂದೆ.

ಅತ್ತೆ ಹೊಟ್ಟೆ ಹಿಡಿದುಕೊಂಡು ಮಂಚದಿಂದ ಕೆಳಗಿಳಿದರು.

'ಮನೆಗೆ ಹೋಗಣ ನಡಿ,' ಎಂದರು.